ಹನ್ನೊಂದನೆಯ ನುಡಿ

ಮೊನ್ನೆ ಗಿರಣಿಯಿಂದ ರಾಗಿಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಮನೆಗೆ ಬರುತ್ತಿದ್ದೆ. ಚೀಲ ಇನ್ನೂ ಬಿಸಿಯಾಗಿತ್ತು. ಯಂತ್ರದಲ್ಲಿ ಬೀಸಿದ ಹಿಟ್ಟಿಗೆ ಒಂದು ಸೀದ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದ ಕೂಡಲೇ, “ಇದು ಇಟ್ಟಲ್ಲ ಕಣವ್ವ, ಬೂದಿ” ಎಂದು ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು. ತಿರುಗಿಯೂ ನೋಡಿದೆ. ಸ್ಕೂಟರು ನಿಲ್ಲಿಸಿಕೊಂಡು ತರಕಾರಿ ಕೊಳ್ಳುತ್ತಿದ್ದವರು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

ಹಾಗೆ ಹೇಳುತ್ತಿದ್ದವರು ಬೆಟ್ಟದಪುರದ ಎದುರುಮನೆಯ ಅವ್ವ. ಅವರಿಗೊಂದು ಹೆಸರಿತ್ತು, ನನಗೆ ಅದು ಗೊತ್ತೂ ಇತ್ತು. ಆದರೆ ಒಂದು ದಿನವೂ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಈಗ ತಂದರೆ ಬೇರೆ ಯಾರದೋ ವಿಷಯ ಬರೆಯುತ್ತಿದ್ದೇನೆ ಅನ್ನಿಸೀತು. ಹಾಗಾಗಿ ಅವ್ವ ಎಂದೇ ಬರೆಯುತ್ತೇನೆ.

ಐವತ್ತರ ದಶಕದ ಮಾತು. ನನಗೆ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಬೆಟ್ಟದಪುರದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೋಗಿದ್ದೆ. ಒಂದು ತಗಡಿನ ಟ್ರಂಕು, ಒಂದು ಶ್ರುತಿಪೆಟ್ಟಿಗೆ, ಸೆಕೆಂಡಿನ ಮುಳ್ಳಿದ್ದ ಅಪ್ಪನ ಹಳೆಯ ಕೈಗಡಿಯಾರ, ಇಷ್ಟು ನನ್ನ ಆಸ್ತಿ. ಎಂಟು ವರ್ಷ ಪಾಠ ಹೇಳಿಸಿಕೊಂಡು ಸಂಗೀತ ಕಲಿತಿದ್ದೆ. ಕೂತಲ್ಲಿ ನಿಂತಲ್ಲಿ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಅವಸರ. ಬಸ್ಸು ಬರುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಅದು ಐದು ನಿಮಿಷ ತಡವಾದರೆ ರಸ್ತೆಯ ಉದ್ದಕ್ಕೂ ಓಡಾಡುತ್ತಿದ್ದೆ.

ಬಾಡಿಗೆಗೆ ಹಿಡಿದಿದ್ದ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಅವ್ವನ ಮನೆಯ ಬಾಗಿಲು. ಅವರಿಗೆ ಆಗ ಐವತ್ತೈದರ ಮೇಲಿರಬೇಕು. ಗಂಡ ತೀರಿಕೊಂಡಿದ್ದರು. ಎರಡು ಎಕರೆ ಹೊಲವನ್ನು ಮೈದುನ ನೋಡಿಕೊಳ್ಳುತ್ತಿದ್ದ, ಒಂದಷ್ಟು ಹೊಗೆಸೊಪ್ಪು, ಒಂದಷ್ಟು ರಾಗಿ. ಎತ್ತರದ ಆಳು, ಅಗಲವಾದ ಅಂಗೈ. ಬೆಳಗಾಗುವ ಮೊದಲೇ ಅವರ ಮನೆಯಿಂದ ರಾಗಿಕಲ್ಲಿನ ಸದ್ದು ಬರುತ್ತಿತ್ತು, ಅದರ ಜೊತೆಗೆ ಹಾಡು. ಊರಿಗೆ ಹಿಟ್ಟಿನ ಗಿರಣಿ ಬಂದು ಆಗಲೇ ವರ್ಷವಾಗಿತ್ತು. ಮಿಕ್ಕ ಮನೆಗಳ ರಾಗಿಕಲ್ಲುಗಳು ಗೋಡೆಗೆ ಒರಗಿದ್ದವು. ಅವ್ವ ಮಾತ್ರ ಗಿರಣಿಯ ಕಡೆ ತಲೆ ಹಾಕಿರಲಿಲ್ಲ.

ಹಾಡು ಬರೆದುಕೊಳ್ಳೋಣವೆಂದು ನೋಟ್‌ಬುಕ್ಕು ಹಿಡಿದು ಹೋದೆ. ಅವ್ವ ಕಲ್ಲಿನ ಒಂದು ಪಕ್ಕದಲ್ಲಿ ಕೂತಿದ್ದರು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವ ಕಲ್ಲು ಅದು. ಇನ್ನೊಂದು ಪಕ್ಕ ಖಾಲಿ ಇತ್ತು.

“ಬರೀಬ್ಯಾಡಿ ಟೀಚರಮ್ಮ. ಕೂತ್ಕಂಡು ಕೈ ಕೊಡಿ. ಬರ್ದ್ರೆ ಬರಾಕಿಲ್ಲ ಇದು” ಅಂದರು.

ಕೂತೆ. ಮೊದಲ ವಾರ ಅಂಗೈ ಬೊಬ್ಬೆ ಎದ್ದಿತು. ಎರಡನೆಯ ವಾರಕ್ಕೆ ಅವರು ನನ್ನನ್ನು ಟೀಚರಮ್ಮ ಅನ್ನುವುದು ನಿಂತು, ‘ಮಗ’ ಅನ್ನತೊಡಗಿದರು. ‘ನೀವು’ ಹೋಗಿ ‘ನೀನು’ ಬಂತು. ಆ ಖಾಲಿ ಪಕ್ಕ ಯಾರದೆಂದು ನಾನಾಗಿ ಕೇಳಲಿಲ್ಲ. ಒಂದು ದಿನ ಕಲ್ಲು ತಿರುಗಿಸುತ್ತಲೇ ಅವರೇ ಹೇಳಿದರು.

ಅವರ ಒಬ್ಬಳೇ ಮಗಳು. ಕಾವೇರಿಯ ಆಚೆ, ಕೃಷ್ಣರಾಜನಗರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತಾಯಿಯ ಮನೆಗೆ ಬಂದಿದ್ದಳು. ಮಗು ಹನ್ನೆರಡು ದಿನ ಇದ್ದು ಹೋಯಿತು. ಅದಕ್ಕೆ ನೀರು ಹಾಕಿದ್ದು, ಔಷಧಿ ಅರೆದು ನೆಕ್ಕಿಸಿದ್ದು ಎಲ್ಲ ಅವ್ವನ ಕೈಯೇ. ಗಂಡನ ಮನೆಯವರು ಬಂದು ಏನೇನೋ ಅಂದರು. ಅದನ್ನು ಅವ್ವ ಸಹಿಸಿಕೊಂಡರು. ಆದರೆ ಹೊರಡುವಾಗ ಮಗಳೇ ತಿರುಗಿ, “ನಿನ್ ಕೈಗುಣ ಅವ್ವ. ಇನ್ನ ನಿನ್ ಹೊಸಲು ತುಳಿಯಾಕಿಲ್ಲ” ಅಂದುಬಿಟ್ಟಳು. ಐದು ವರ್ಷವಾಗಿತ್ತು. ಆಮೇಲೆ ಮಗಳಿಗೆ ಇನ್ನೊಂದು ಗಂಡುಮಗು ಹುಟ್ಟಿದ ಸುದ್ದಿ ಯಾರ್ಯಾರದೋ ಬಾಯಿಂದ ಬಂದಿತ್ತು. ಅವ್ವ ಆ ಮಗುವನ್ನು ನೋಡಿರಲಿಲ್ಲ.

ಇಷ್ಟನ್ನು ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ. ಕಲ್ಲಿನ ಓಟ ಸ್ವಲ್ಪವೂ ಬದಲಾಗಲಿಲ್ಲ.

ಅವರ ಹಾಡುಗಳಲ್ಲಿ ಒಂದು ಹೊಳೆ ದಾಟುವ ಪದವಿತ್ತು. ಹನ್ನೊಂದು ನುಡಿ. ಗಂಡನ ಮನೆಯಿಂದ ತವರಿಗೆ ಹೊರಟ ಹುಡುಗಿಯೊಬ್ಬಳ ಕತೆ. ಅವಳು ಮನೆ ಬಿಡುತ್ತಾಳೆ, ಮಡಿಲಿಗೆ ಅಕ್ಕಿ ಕಟ್ಟಿಕೊಳ್ಳುತ್ತಾಳೆ, ನಡೆದು ನಡೆದು ಹೊಳೆಯ ದಂಡೆಗೆ ಬರುತ್ತಾಳೆ.

ಹೊಳೆದಂಡೆ ಮ್ಯಾಲೆ ನಿಂತವಳೆ ನಮ್ಮ ತಂಗಿ
ಮಡಿಲಾಗೆ ಮೂರು ಹಿಡಿಯಕ್ಕಿ ಕಟಕೊಂಡು
ಅಂಬೀಗರಣ್ಣನ ಕರೆದಾಳೆ

ಅಂಬಿಗ ಬರುತ್ತಾನೆ, ಮಾತು ಬೆಳೆಸುತ್ತಾನೆ, ಅಕ್ಕಿ ಇಸಿದುಕೊಂಡು ಹರಿಗೋಲು ಹತ್ತಿಸುತ್ತಾನೆ. ಏಳನೆಯ ನುಡಿಗೆ ನಡುನೀರು. ಎಂಟಕ್ಕೆ ಸುಳಿ. ಒಂಬತ್ತಕ್ಕೆ ಅವಳು ಎರಡೂ ಮನೆಯ ದೇವರನ್ನು ಕರೆಯುತ್ತಾಳೆ. ಹತ್ತಕ್ಕೆ ಹರಿಗೋಲು ದಡ ಮುಟ್ಟುತ್ತದೆ. ಹನ್ನೊಂದನೆಯ ನುಡಿಯಲ್ಲಿ ಅಲ್ಲಿ ತಾಯಿ ನಿಂತಿದ್ದಾಳೆ.

ಕಾಲೀಗೆ ನೀರು ಹಿಡಿದವಳೆ ಹಡೆದವ್ವ
ಕೈಯಾಗೆ ಚೊಂಬು ತುಂಬೈತೆ ಅವಳೀನ
ಕಣ್ಣೀರನೆಲ್ಲಿ ಇಡತಾಳೆ

ಆ ವರ್ಷ ಬೇಸಗೆಯ ರಜೆಗೆ ಮೈಸೂರಿಗೆ ಹೋದಾಗ ಈ ಹಾಡಿನ ವಿಷಯವನ್ನು ನನ್ನ ಸಂಗೀತದ ಗುರುಗಳಿಗೆ ಹೇಳಿದೆ. ಅವರು ಗ್ರಾಮಫೋನ್ ಪ್ಲೇಟು ಮಾಡುವ ಕಂಪನಿಯವರೊಬ್ಬರಿಗೆ ಹೇಳಿದರು. ತಿಂಗಳೊಳಗೆ ಕಾಗದ ಬಂತು. ಮೈಸೂರಿನ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗು. ಎರಡು ಹಾಡು, ಒಂದು ಅಳಿಸುವಂಥದ್ದು, ಒಂದು ನಗಿಸುವಂಥದ್ದು. ಒಂದು ಮುಖಕ್ಕೆ ಮೂರು ನಿಮಿಷ ಹತ್ತು ಸೆಕೆಂಡು. ಒಂದೊಂದನ್ನು ಎರಡು ಸಲ ಮಾತ್ರ ಹಾಡಿಸುತ್ತೇವೆ, ಆದ್ದರಿಂದ ಯಾವ ಕಾಲದಲ್ಲಿ, ಎಷ್ಟು ವೇಗದಲ್ಲಿ ಹಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡು ಬನ್ನಿ ಎಂದು ಬರೆದಿದ್ದರು.

ನಾನು ಕಾಗದ ಹಿಡಿದು ಬೀದಿ ದಾಟಿ ಓಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಆ ಪ್ಲೇಟು ಒಳೆಯಾಚ್ಗೂ ಓದಾತಾ?”

“ಎಲ್ಲ ಕಡೆಗೂ ಹೋಗುತ್ತೆ ಅವ್ವ. ಕೃಷ್ಣರಾಜನಗರದಲ್ಲಿ ಹೋಟೆಲುಗಳಿವೆ, ಅಲ್ಲಿ ಹಾಕ್ತಾರೆ.”

“ಅಂಗಾರೆ ಒಳೆ ಪದ ಆಡಾಣ” ಅಂದರು. ಒಪ್ಪಿದ್ದೇವೆಂದು ನಾನು ಅಂದೇ ಕಾಗದ ಬರೆದು ಹಾಕಿದೆ.

ಮರುದಿನ ಗಡಿಯಾರ ಮುಂದಿಟ್ಟುಕೊಂಡು ಹಾಡಿಸಿದೆ. ನಾಲ್ಕು ನಿಮಿಷ ಮೂವತ್ತೈದು ಸೆಕೆಂಡು. ನಗಿಸುವ ಹಾಡಿಗೆ ಬೀಗರನ್ನು ಹಂಗಿಸುವ ಪದವನ್ನು ಆರಿಸಿದ್ದೆವು. ಅದನ್ನು ಅವರು ಎರಡು ನಿಮಿಷಕ್ಕೇ ಪಟಪಟನೆ ಮುಗಿಸಿಬಿಟ್ಟರು. ಒಂದನ್ನು ಹಿಗ್ಗಿಸಬೇಕು, ಇನ್ನೊಂದನ್ನು ಕುಗ್ಗಿಸಬೇಕು. ನಾನು ವಿವರಿಸಿದಾಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು.

“ನಗಾದ ನಿಧಾನಕ್ಕೆ ನಗು, ಅಳಾದ ಬ್ಯಾಗ ಅತ್ತು ಮುಗುಸು ಅಂತೀಯ. ಇದ್ಯಾವೂರ ಲೆಕ್ಕನವ್ವ?”

ಹದಿನೈದು ದಿನ ಉಳಿದಿತ್ತು. ಆ ಹದಿನೈದು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗಲೂ ಎಡಗೈ ಗಡಿಯಾರದ ಕಡೆಗೆ ತಿರುಗುತ್ತಿತ್ತು. ಹನ್ನೊಂದು ನುಡಿ, ನೂರ ತೊಂಬತ್ತು ಸೆಕೆಂಡು. ಒಂದು ನುಡಿಗೆ ಹದಿನೇಳು ಸೆಕೆಂಡು. ದಾರಿಯಲ್ಲಿ ನಡೆಯುತ್ತಾ ಹೆಜ್ಜೆ ಎಣಿಸುತ್ತಿದ್ದೆ. ಇಪ್ಪತ್ತೈದು ಸೆಕೆಂಡಿನ ನುಡಿಯನ್ನು ಹದಿನೇಳಕ್ಕೆ ಇಳಿಸುವುದೆಂದರೆ ಏನೆಂದು ಕೂತು ಯೋಚಿಸಲಿಲ್ಲ. ಇಳಿಸಬೇಕು, ಅಷ್ಟೆ.

ಪ್ರತಿ ನುಡಿಯ ಕೊನೆಯ ಸಾಲನ್ನು ಎರಡು ಸಲ ಹೇಳುವುದು ರೂಢಿ. ಅದನ್ನು ಒಂದೇ ಸಲ ಮಾಡಿದೆವು. ಮೂರು ನಿಮಿಷ ಐವತ್ತಕ್ಕೆ ಬಂತು. ಏಳು ನುಡಿ ಹಾಡಿದರೆ ಸಾಕಲ್ಲವೇ ಅಂದೆ.

“ಏಳಕ್ಕೆ ನಿಲ್ಸುದ್ರೆ ಅವಳು ನಡುನೀರಲ್ಲವಳೆ ಕಣ್ ಮಗ. ಅಲ್ಲೇ ಬುಟ್ಟು ಮನೀಗ್ ಬರಾದಾ?”

ಅಂಬಿಗನ ನುಡಿ ಬಿಡೋಣ, ಅದರಲ್ಲಿ ಬರೀ ಮಾತುಕತೆ ಅಂದೆ. “ಕೇಳ್ದೆ ಮಾಡ್ದೆ ಅರಿಗೋಲು ಅತ್ತಾದಾ?” ಅಂದರು. ಒಂದನ್ನೂ ಬಿಡಲು ಒಪ್ಪಲಿಲ್ಲ. ಉಳಿದದ್ದು ಓಟವನ್ನು ಏರಿಸುವುದು ಒಂದೇ.

ಕಲ್ಲಿನ ಮುಂದೆ ಕೂತರೆ ಅವರ ಹಾಡು ಕಲ್ಲಿನ ಮಾತು ಕೇಳುತ್ತಿತ್ತು, ನನ್ನ ಮಾತು ಕೇಳುತ್ತಿರಲಿಲ್ಲ. ಕಲ್ಲಿಲ್ಲದೆ ಕೂತರೆ ಹಾಡೇ ಬರುತ್ತಿರಲಿಲ್ಲ. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ಕಲ್ಲಿನಿಂದ ಗೂಟವನ್ನು ಕಿತ್ತುಕೊಂಡು ಬಂದು ಬರಿಯ ನೆಲದ ಮೇಲೆ ಇಟ್ಟರು. ನಾವಿಬ್ಬರೂ ಎದುರುಬದುರು ಕೂತು ಅದನ್ನು ಹಿಡಿದು ಸುಮ್ಮನೆ ತಿರುಗಿಸುತ್ತಿದ್ದೆವು. ತೂಕವಿಲ್ಲದ ಗೂಟ ಬೇಗ ತಿರುಗುತ್ತಿತ್ತು. ನಾನು ಎಳೆದಂತೆ ಅವರ ಕೈ ಬರುತ್ತಿತ್ತು, ಕೈ ಬಂದಂತೆ ಹಾಡು. ಮೂರು ಮೂವತ್ತು. ಮೂರು ಇಪ್ಪತ್ತು. ನಾನು ಹಿಗ್ಗಿ ಗಡಿಯಾರ ತೋರಿಸಿದರೆ ಅವರು ಅದರ ಕಡೆ ನೋಡುತ್ತಿರಲಿಲ್ಲ, ಎದೆ ಒತ್ತಿಕೊಂಡು ಉಸಿರು ತೆಗೆದುಕೊಳ್ಳುತ್ತಿದ್ದರು.

ಒಂದು ಸಂಜೆ ಹೊಗೆಸೊಪ್ಪಿನ ವ್ಯಾಪಾರಿಯ ಮನೆಯಲ್ಲಿ ಗ್ರಾಮಫೋನು ನೋಡಿಕೊಂಡು ಬಂದ ಅವ್ವ ಜಗಲಿಯ ಮೇಲೆ ಕೂತು ಹೇಳಿದರು: “ಮಗ, ಅದ್ನ ಮಗುಚಾಕ್ತಾರೆ ಕಣೆ. ಈಚ್ಗೆ ಅರ್ಧ ಆಡಿ, ಮಿಕ್ಕಿದ್ದ ಆಚ್ಗೆ ಆಡುದ್ರಾಯ್ತು. ಆ ನಗಾ ಪದ ಯಾರಿಗ್ ಬೇಕು?”

ನಾನು ತಕ್ಷಣ ಆಗುವುದಿಲ್ಲ ಅಂದೆ. ಕಂಪನಿಯವರು ಎರಡು ಹಾಡು ಅಂದಿದ್ದಾರೆ, ನಾನು ಆಗಲಿ ಎಂದು ಬರೆದಿದ್ದೇನೆ. ಅವ್ವ ಮತ್ತೆ ಕೇಳಲಿಲ್ಲ... ಒಂದು ಕಾರ್ಡು ಬರೆದು ವಿಚಾರಿಸಬಹುದಿತ್ತು. ಹಾಗೆ ಕೇಳಿದರೆ ಅವರು ರೆಕಾರ್ಡಿಂಗೇ ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ ನನಗೆ. ಗುರುಗಳ ಮುಂದೆ ಮುಖ ಉಳಿಯಬೇಕೆಂಬ ಆಸೆಯೂ ಇತ್ತು. ಹಳ್ಳಿಯ ಹೆಂಗಸನ್ನು ಪ್ಲೇಟಿಗೆ ಹಾಡಿಸಿದ ಹುಡುಗಿ ಎಂದು ನಾಲ್ಕು ಜನ ಅನ್ನಲಿ ಎಂಬುದೂ ಇತ್ತು. ಈಗ ಮುಚ್ಚಿಟ್ಟು ಏನು ಪ್ರಯೋಜನ!

ಹೊರಡುವ ಹಿಂದಿನ ದಿನ ಮೂರು ನಿಮಿಷ ಎಂಟು ಸೆಕೆಂಡಿಗೆ ಹನ್ನೊಂದು ನುಡಿಯೂ ಮುಗಿದವು. ನಾನು ಕುಣಿದಾಡಿದೆ. ಅವ್ವ ಬಾಗಿಲಿಗೆ ಒರಗಿ, “ದಾಟುದ್ಲು ಬುಡು” ಅಂದರು. ಗಂಟಲು ಒಡೆದಿತ್ತು.

ಬೆಳಗಿನ ಬಸ್ಸಿಗೆ ಪಿರಿಯಾಪಟ್ಟಣ, ಅಲ್ಲಿಂದ ಹುಣಸೂರು, ಅಲ್ಲಿಂದ ಮೈಸೂರು. ಅವ್ವ ಮಡಿಲಲ್ಲಿ ಕೈಚೀಲ ಇಟ್ಟುಕೊಂಡಿದ್ದರು, ಅದರಲ್ಲಿ ಬಟ್ಟೆ ಸುತ್ತಿದ ಗೂಟ. ಬಸ್ಸು ಹುಣಸೂರಿನಲ್ಲಿ ತುಂಬ ಹೊತ್ತು ನಿಂತಿತು. ನಾನು ಇಳಿದೆ, ಹತ್ತಿದೆ, ಕಂಡಕ್ಟರನ್ನು ಮೂರು ಸಲ ಕೇಳಿದೆ. “ಕೂತ್ಕಳೆ ಮಗ, ನೀ ಓಡುದ್ರೆ ಬಸ್ಸು ಓಡಾದಾ?” ಎಂದು ಅವ್ವ ನನ್ನ ಸೆರಗು ಹಿಡಿದೆಳೆದು ಕೂರಿಸಿದರು.

ಸ್ಟುಡಿಯೋದ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು. ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದುಹೋಗುತ್ತಿತ್ತು. ಅವ್ವ ಸುತ್ತ ನೋಡಿ, “ಒಗೆಸೊಪ್ಪಿನ ಬ್ಯಾರ್ನ್ ಇದ್ದಂಗದೆ” ಅಂದರು. ಹೊಗೆಸೊಪ್ಪು ಬೇಯಿಸುವ, ಕಿಟಕಿಯಿಲ್ಲದ ಮನೆಗೆ ನಮ್ಮ ಕಡೆ ಹಾಗನ್ನುತ್ತಾರೆ. ನೆಲದ ಮೇಲೆ ಜಮಖಾನ ಹಾಸಿ, ನಮ್ಮ ಮುಖದ ಮಟ್ಟಕ್ಕೆ ಮೈಕನ್ನು ಇಳಿಸಿಕೊಟ್ಟರು. ಗಾಜಿನ ಆಚೆ ಕಂಪನಿಯವರು ಮತ್ತು ಯಂತ್ರ ನೋಡಿಕೊಳ್ಳುವವರು. ಕೆಂಪು ದೀಪ ಹೊತ್ತಿಕೊಂಡರೆ ಹಾಡಬೇಕು, ಆರಿದರೆ ಮುಗಿಯಿತು.

ಬೀಗರ ಪದ ಒಂದೇ ಸಲಕ್ಕೆ ಆಯಿತು. ನಿಧಾನವಾಗಿಯೇ ಹಾಡಿದರು, ಗಾಜಿನ ಆಚೆ ನಕ್ಕರು. ಆಮೇಲೆ ಹೊಳೆಯ ಪದ.

ಮೊದಲ ಸಲ ನಾನು ಗೂಟವನ್ನು ಜೋರಾಗಿ ಎಳೆದೆ. ಹೆದರಿಕೆಯಲ್ಲಿ ಅಭ್ಯಾಸಕ್ಕಿಂತಲೂ ಜೋರಾಯಿತೇನೋ. ಎಂಟನೆಯ ನುಡಿಯಲ್ಲಿ ಅವ್ವನಿಗೆ ಉಸಿರು ಸಾಲದೆ ಕೆಮ್ಮು ಬಂತು. ದೀಪ ಆರಿತು. ನೀರು ಕುಡಿಸಿದರು. ಇನ್ನೊಂದೇ ಸಲ ಎಂದು ಗಾಜಿನ ಆಚೆಯಿಂದ ಬೆರಳು ತೋರಿಸಿದರು. ಹೊರಗೆ ವರಾಂಡದಲ್ಲಿ ಮುಂದಿನ ಸರದಿಯ ಕ್ಲಾರಿನೆಟ್ಟಿನವರು ಬಂದು ಕೂತಿದ್ದರು.

ಎರಡನೆಯ ಸಲ ಆರು ನುಡಿಯವರೆಗೆ ಸರಿಯಾಗಿಯೇ ಬಂತು. ನಾನು ಒಳಗೊಳಗೇ ಎಣಿಸುತ್ತಿದ್ದೆ. ಏಳನೆಯದಕ್ಕೆ, ಹರಿಗೋಲು ನಡುನೀರಿಗೆ ಬಂದಾಗ, ಅವರ ಅಂಗೈ ನನ್ನ ಕೈಯ ಮೇಲೆ ಭಾರವಾಯಿತು. ಎಳೆದೆ. ಬರಲಿಲ್ಲ. ಮುಖ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಅಲ್ಲಿ ಕಲ್ಲಿರಲಿಲ್ಲ, ಆದರೂ ಕಲ್ಲು ಬೀಸುವಾಗಿನ ಹಾಗೆಯೇ ಅವರ ಭುಜ ನಿಧಾನವಾಗಿ ಹೋಗಿ ಬರುತ್ತಿತ್ತು. ಇನ್ನೊಮ್ಮೆ ಜೋರಾಗಿ ಎಳೆಯಬೇಕಿತ್ತು... ಎಳೆಯಲಿಲ್ಲ. ನನ್ನ ಕೈ ಅವರ ಕೈಯ ಹಿಂದೆ ಹೋಯಿತು. ಹದಿನೈದು ದಿನದಲ್ಲಿ ಮೊದಲ ಸಲ ನಾನು ಎಣಿಸುವುದನ್ನು ಮರೆತೆ.

ಹತ್ತನೆಯ ನುಡಿ ಮುಗಿದು, ಹನ್ನೊಂದಕ್ಕೆ ಅವರು ಉಸಿರೆಳೆದುಕೊಂಡಾಗ ದೀಪ ಆರಿತು.

ಅವ್ವ ಕಣ್ಣು ಬಿಡಲಿಲ್ಲ. ಹನ್ನೊಂದನೆಯ ನುಡಿಯನ್ನು ಹಾಡಿದರು. ಕೊನೆಯ ಸಾಲನ್ನು ರೂಢಿಯಂತೆ ಎರಡು ಸಲ ಹೇಳಿದರು. ಗಾಜಿನ ಆಚೆ ಯಂತ್ರದವರು ಆಗಲೇ ತಂತಿ ಸುತ್ತುತ್ತಿದ್ದರು. ಅದನ್ನು ಕೇಳಿದವಳು ನಾನೊಬ್ಬಳೇ.

ಇನ್ನೊಂದು ಸಲ ಅವಕಾಶ ಕೊಡಿ ಎಂದು ಕಂಪನಿಯವರನ್ನು ಕೇಳಿದೆ. ಅವರು ಕೆಟ್ಟವರಲ್ಲ. ಗೋಡೆಯ ಗಡಿಯಾರ ನೋಡಿ, “ಯಾಕಮ್ಮ, ಚೆನ್ನಾಗಿದೆಯಲ್ಲ? ಹುಡುಗಿ ದಡ ಸೇರಿದಳು. ಇನ್ನೇನು ಬೇಕು?” ಅಂದರು.

ಗೂಟಕ್ಕೆ ಬಟ್ಟೆ ಸುತ್ತುತ್ತಿದ್ದ ಅವ್ವ ತಲೆ ಎತ್ತದೆಯೇ ಹೇಳಿದರು: “ಸೇರುದ್ಲು ಕಣ್ ಸ್ವಾಮಿ. ಅಲ್ಲಿ ಯಾರೂ ಇಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಕ್ಲಾರಿನೆಟ್ಟಿನವರು ಒಳಗೆ ಬಂದರು.

ಮೂರು ತಿಂಗಳಿಗೆ ಪ್ಲೇಟು ಬಂತು. ಹೊಗೆಸೊಪ್ಪಿನ ವ್ಯಾಪಾರಿಯ ಜಗಲಿಯಲ್ಲಿ ಅರ್ಧ ಬೀದಿ ಸೇರಿತು. ಬೀಗರ ಪದಕ್ಕೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಗುಚಿ ಹಾಕಿದಾಗ ಅವ್ವ ಒಂಬತ್ತನೆಯ ನುಡಿಯವರೆಗೆ ಕೂತಿದ್ದರು. ಆಮೇಲೆ, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಎದ್ದು ಹೋದರು.

ಆ ಪ್ಲೇಟು ಹೊಳೆಯ ಆಚೆಗೂ ಹೋಯಿತು. ಅವ್ವನ ಅಳಿಯನ ಊರಿನವನೊಬ್ಬ ಹೊಗೆಸೊಪ್ಪಿನ ಕೆಲಸಕ್ಕೆ ನಮ್ಮ ಕಡೆ ಬಂದವನು ಸುದ್ದಿ ತಂದ. ಸಂತೆಯ ದಿನ ಕೃಷ್ಣರಾಜನಗರದ ಹೋಟೆಲಿನವರು ಮೇಲೆ ಕಟ್ಟಿದ್ದ ಲೌಡ್‌ಸ್ಪೀಕರಿನಲ್ಲಿ ಅದನ್ನು ಹಾಕಿದ್ದರಂತೆ. ಅವ್ವನ ಮಗಳು ತರಕಾರಿ ಚೀಲ ಹಿಡಿದು ಬೀದಿಯಲ್ಲೇ ನಿಂತು ಕೊನೆಯವರೆಗೂ ಕೇಳಿದಳಂತೆ. ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, “ನಮ್ಮವ್ವ ದಡುಕ್ ಬರ್ನಿಲ್ಲ ಬುಡು” ಎಂದು ಹೊರಟುಹೋದಳಂತೆ.

ಹನ್ನೊಂದನೆಯ ನುಡಿ ಅವಳಿಗೆ ಗೊತ್ತಿತ್ತು. ಗೊತ್ತಿರದೆ ಏನು, ಆ ಕಲ್ಲಿನ ಖಾಲಿ ಪಕ್ಕದಲ್ಲಿ ಕೂತು ಬೆಳೆದವಳು. ತಾಯಿ ಬೇಕೆಂದೇ ಅದನ್ನು ಬಿಟ್ಟಿದ್ದಾಳೆ ಎಂದುಕೊಂಡಳು.

ಈ ಸುದ್ದಿ ಕೇಳಿದಾಗ ಅವ್ವ ನನ್ನನ್ನು ಬೈಯಲಿಲ್ಲ. ಮರುದಿನ ಬೆಳಗ್ಗೆ ಕಲ್ಲಿನ ಸದ್ದು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ರಾಗಿಯ ಮೂಟೆಯನ್ನು ತಲೆಯ ಮೇಲೆ ಹೊತ್ತುಕೊಂಡು ಅವರು ಗಿರಣಿಯ ಕಡೆ ಹೋಗುವುದನ್ನು ಕಿಟಕಿಯಿಂದ ಕಂಡೆ. ಚಪ್ಪಲಿ ಸಹ ಹಾಕಿಕೊಳ್ಳದೆ ಓಡಿಹೋಗಿ ಅಡ್ಡ ನಿಂತೆ. “ಬುಡಿ ಟೀಚರಮ್ಮ. ನಿಮ್ಗೆ ಸ್ಕೂಲಿಗ್ ಒತ್ತಾಯ್ತು” ಅಂದರು.

ಟೀಚರಮ್ಮ. ನಿಮ್ಗೆ... ಅವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆ ವಾರವೆಲ್ಲ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಕೃಷ್ಣರಾಜನಗರದ ದಾರಿಯಲ್ಲಿ ಹೊಳೆ ಬಂತು. ಕಿಟಕಿಯಿಂದ ಬಗ್ಗಿ ನೋಡುವಷ್ಟರಲ್ಲಿ ಬಸ್ಸು ಸೇತುವೆ ದಾಟಿಬಿಟ್ಟಿತ್ತು. ಇಳಿದು, ಕೇಳಿಕೊಂಡು, ಗದ್ದೆಯ ಏರಿಯ ಮೇಲೆ ಎರಡು ಮೈಲಿ ನಡೆದೆ.

ಮಗಳು ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವ್ವನದೇ ಎತ್ತರ, ಅವ್ವನದೇ ಅಂಗೈ. ಪಕ್ಕದಲ್ಲಿ ನಾಲ್ಕು ವರ್ಷದ ಮಗು ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ನಾನು ಯಾರೆಂದು ಹೇಳಿದೆ. ಕೂರಲು ಮಣೆ ಕೊಟ್ಟಳು, ಮುಖ ಕೊಡಲಿಲ್ಲ.

“ಪ್ಲೇಟಲ್ಲಿ ಕೊನೆಯ ನುಡಿ ಇಲ್ಲ” ಅಂದೆ.

“ಕೇಳ್ದೆ.”

“ನಿಮ್ಮವ್ವ ಬಿಡಲಿಲ್ಲ. ಬಿಡುವ ಹಾಗೆ ಮಾಡಿದವಳು ನಾನು. ಅವರು ಅರ್ಧ ಹಾಡು ಆಚೆ ಮುಖಕ್ಕೆ ಹಾಡೋಣ ಅಂದರು, ನಾನು ಬೇಡ ಅಂದೆ. ದೀಪ ಆರಿದ ಮೇಲೂ ಅವರು ಅದನ್ನು ಹಾಡಿದರು. ಯಂತ್ರಕ್ಕೆ ಕೇಳಿಸಲಿಲ್ಲ. ನಾನು ಕೇಳಿದೆ.”

ಅವಳ ಬೆರಳುಗಳು ಅಕ್ಕಿಯಲ್ಲಿ ನಿಂತವು. “ಎಂಗಾಡುದ್ಲು? ಆಡಿ ನೋಡಾಣ.”

ಹಾಡಿದೆ. ಅಷ್ಟು ದಿನದ ಅಭ್ಯಾಸ, ಹದಿನೇಳೇ ಸೆಕೆಂಡಿಗೆ ಮುಗಿಸಿಬಿಟ್ಟೆ. ಅವಳು ತಲೆ ಆಡಿಸಿದಳು.

“ಯಾಕಂಗೋಡ್ತೀರಿ? ನಮ್ಮವ್ವ ಚೊಂಬ್ ಇಡ್ಕಂಡು ನಿಂತವ್ಳೆ ಕಣ್ರೀ. ಓಡ್ತಾ ಇಲ್ಲ.”

ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ತಾನೇ ಹಾಡಿದಳು. ಸಣ್ಣ ದನಿ. ಬಲಗೈ ತೊಡೆಯ ಮೇಲೆ ಕಲ್ಲು ತಿರುಗಿಸುವ ಹಾಗೆ ಸುತ್ತುತ್ತಿತ್ತು. ಸ್ಟುಡಿಯೋದಲ್ಲಿ ದೀಪ ಆರಿದ ಮೇಲೆ ಕೇಳಿದ ಅದೇ ನಡೆ, ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ. ಕೊನೆಯ ಸಾಲನ್ನು ಎರಡನೆಯ ಸಲ ಹೇಳಲು ಅವಳಿಂದ ಆಗಲಿಲ್ಲ. ಎದ್ದು ಒಳಗೆ ಹೋದಳು. ಮಗು ಗೆರೆ ಎಳೆಯುವುದನ್ನು ಬಿಟ್ಟು ನನ್ನನ್ನು ನೋಡಿತು. ತುಂಬ ಹೊತ್ತಿನ ಮೇಲೆ ಅವಳು ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ.

ವಾಪಸು ಬಂದು ಅವ್ವನಿಗೂ ಹೇಳಲಿಲ್ಲ. ಆರು ವಾರ, ಮಧ್ಯಾಹ್ನದ ಬಸ್ಸಿನ ಹಾರನ್ ಕೇಳಿದರೆ ಸಾಕು, ಪಾಠ ನಿಲ್ಲಿಸಿ ಕಿಟಕಿಗೆ ಹೋಗುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದವು.

ಅವಳು ಬಂದದ್ದು ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ನಾನು ಬೀಗ ತೆಗೆಯುತ್ತಿದ್ದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಎದುರುಮನೆಯ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಅವ್ವ ಹೊಸ್ತಿಲಿನಿಂದ ಎರಡು ಮಾರು ದೂರದಲ್ಲಿ. 

“ಉಂಡ್ಯಾ?” ಅಂದರು ಅವ್ವ.

“ಇಲ್ಲ.”

“ಒಳಿಕ್ ಬಾ. ಬಿಸ್ಲು.”

ಅವಳು ಬರಲಿಲ್ಲ. ಹೊಸ್ತಿಲನ್ನು ನೋಡುತ್ತಾ ನಿಂತಳು. ಆಡಿದ ಮಾತು ಅದಾಗಲೇ ಐದಾರು ವರ್ಷ ಹಳೆಯದು, ಆದರೆ ಆಡಿದ್ದು ಅಲ್ಲೇ, ಆ ಬಾಗಿಲಲ್ಲೇ. ಕೊನೆಗೆ ಮಗುವನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲಿಂದ ಒಳಕ್ಕೆ ಚಾಚಿದಳು. ಅವ್ವ ಎರಡು ಮಾರು ದೂರವನ್ನು ಹೇಗೆ ದಾಟಿದರೋ ನನಗೆ ಕಾಣಲಿಲ್ಲ. ಮಗು ಅವರ ಕೈಯಲ್ಲಿತ್ತು. ಅದು ಹೊಸ ಮುಖ ನೋಡಿ ಕಿರುಚತೊಡಗಿತು. ಅವ್ವ ಅದನ್ನು ಎದೆಗೆ ಅವಚದೆ ಕೈಯಳತೆಯ ದೂರದಲ್ಲೇ ಎತ್ತಿ ಹಿಡಿದಿದ್ದರು. ಆ ಕೈಯನ್ನೇ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆಮೇಲೆ, “ಅಂಗ್ ಇಡ್ಕಂಡ್ರೆ ಅಳ್ದೆ ಏನ್ ಮಾಡಾದು? ಕೊಡಿಲ್ಲಿ” ಎಂದು ಒಳಗೆ ಕಾಲಿಟ್ಟಳು.

ಅಷ್ಟೆ. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಂಜೆಗೆ ತಾಯಿ ಮಗಳು ಜಗಳವಾಡುವುದು ಬೀದಿಗೆಲ್ಲ ಕೇಳಿಸಿತು. ಹೊಲವನ್ನು ಮೈದುನನ ಕೈಗೆ ಯಾಕೆ ಕೊಟ್ಟೆ, ಸೂರು ಯಾಕೆ ಹೀಗಾಗಿದೆ ಎಂದು ಮಗಳು ಜೋರು ಮಾಡುತ್ತಿದ್ದಳು. ಅವ್ವ ಅದಕ್ಕಿಂತ ಜೋರು ಮಾಡುತ್ತಿದ್ದರು. ಮರುದಿನ ಬೆಳಗ್ಗೆ ರಾಗಿಕಲ್ಲಿನ ಸದ್ದು ಕೇಳಿ ಎಚ್ಚರವಾಯಿತು. ರೂಢಿಯಂತೆ ಎದ್ದು ಚಿಲಕ ತೆಗೆಯಲು ಹೋದವಳು ಅಲ್ಲೇ ನಿಂತೆ. ಹಾಡುತ್ತಿದ್ದ ದನಿಗಳು ಎರಡು. ಕಲ್ಲಿನ ಆ ಪಕ್ಕ ಈಗ ಖಾಲಿ ಇರಲಿಲ್ಲ. ಸಂತೋಷವಾಯಿತು. ಅದರ ಜೊತೆಗೇ ಒಂದು ಹೊಟ್ಟೆಕಿಚ್ಚೂ ಆಯಿತು... ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮಗಳು ವರ್ಷಕ್ಕೆರಡು ಸಲ ಬರತೊಡಗಿದಳು. ಅವಳಿಲ್ಲದಾಗ ನಾನು ಕೂರುತ್ತಿದ್ದೆ. ‘ಮಗ’ ಎಂಬ ಮಾತು ತಾನಾಗಿ ವಾಪಸು ಬಂದಿತ್ತು. ಪ್ಲೇಟಿನ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಎರಡು ವರ್ಷಕ್ಕೆ ನನಗೆ ಮದುವೆಯಾಗಿ ಹಾಸನದ ಕಡೆಗೆ ವರ್ಗ ಮಾಡಿಸಿಕೊಂಡೆ. ಹೊರಡುವ ದಿನವೂ ನಾನು ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ರಸ್ತೆಯಲ್ಲಿದ್ದೆ. ಅವ್ವ ನನ್ನ ಟ್ರಂಕಿನ ಮೇಲೆ ಕೂತು, ನಾನು ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತಿದ್ದರು. ಬಸ್ಸು ಬಂದಾಗ ನನ್ನ ಗಲ್ಲ ಸವರಿ, “ಮೆಲ್ಲುಗ್ ಓಗ್ ಮಗ” ಅಂದರು.

ಅವರು ತೀರಿಕೊಂಡರೆಂದು ಮಗಳು ಯಾರ ಕೈಯಲ್ಲೋ ಬರೆಸಿದ ಕಾರ್ಡು ಬಂದಾಗ ನಾನು ಎರಡನೆಯ ಬಾಣಂತನದಲ್ಲಿದ್ದೆ. ಹೋಗಲಿಲ್ಲ. ಸುಧಾರಿಸಿಕೊಂಡ ಮೇಲೆ ಹೋಗೋಣ ಎಂದುಕೊಂಡೆ. ಆಮೇಲೆ ಶಾಲೆ, ಮಕ್ಕಳು, ಇನ್ನೊಂದು ಊರು... ಎಲ್ಲದಕ್ಕೂ ಅವಸರ ಮಾಡಿದವಳು ಅದೊಂದನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಬಂದೆ. ಮಗಳ ವಿಳಾಸವಿದ್ದ ಆ ಕಾರ್ಡನ್ನು ಎಲ್ಲಿ ಕಳೆದೆನೋ ಗೊತ್ತಿಲ್ಲ. ಅವಳೂ ನನಗಿಂತ ದೊಡ್ಡವಳು, ಈಗ ಇದ್ದಾಳೋ ಇಲ್ಲವೋ.

ಹಳೆಯ ಪ್ಲೇಟುಗಳನ್ನು ಕೂಡಿಡುವವರೊಬ್ಬರು ಕೆಲವು ವರ್ಷಗಳ ಹಿಂದೆ ಆ ಹಾಡನ್ನು ಮನೆಗೆ ತಂದು ಕೇಳಿಸಿದರು. ದನಿ ಅವ್ವನದೇ. ಆದರೆ ಮೊದಲ ಆರು ನುಡಿಗಳಲ್ಲಿ ಓಡುತ್ತಿರುವವಳು ನಾನು. ಏಳರಿಂದ ಹತ್ತರವರೆಗೆ ಅವ್ವ ಇದ್ದಾರೆ, ಅಲ್ಲೂ ನನ್ನ ಕೈಯೆಳೆತ ಪೂರ್ತಿ ಬಿಟ್ಟಿಲ್ಲ. ಅವರ ನಡೆ ಇದಲ್ಲ ಎಂದು ನನಗೆ ಗೊತ್ತು. ಯಾವುದು ಎಂದು ಕೇಳಿದರೆ ಹೇಳಲಾರೆ.

ಮೊನ್ನೆ ಹಿಟ್ಟನ್ನು ಡಬ್ಬಿಗೆ ತುಂಬಿಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹಾಡಿಕೊಂಡೆ. ಹನ್ನೊಂದು ನುಡಿಯೂ ಬಾಯಿಗೆ ಬಂದವು, ಒಂದಕ್ಷರ ತಪ್ಪಲಿಲ್ಲ. ಕೊನೆಯದಕ್ಕೆ ಬಂದು, ಒಂದು ಸಲ ಹಾಡಿದೆ, ಬೇಗವಾಯಿತು. ಇನ್ನೊಂದು ಸಲ ಹಾಡಿದೆ, ತೀರ ಎಳೆದ ಹಾಗಾಯಿತು. ಮತ್ತೆ ಹಾಡಿದೆ. ಸರಿಯಾದ ನಡೆ ಕೇಳಿದವರು ನಾವು ಮೂವರು. ಹೀಗಲ್ಲ ಎಂದು ತಲೆ ಆಡಿಸಲು ಈಗ ಎದುರಿಗೆ ಯಾರೂ ಇಲ್ಲ.